ಮನೆಯ ಬೆಂಕಿ: ತಡೆಯುವ ಬಗೆ, ಕಲಿಸುವ ಬಗೆ

ಅಡುಗೆಗೆ, ಬೆಳಕಿಗೆ, ಪೂಜೆಗೆ, ಯಂತ್ರ ನಡೆಸುವುದಕ್ಕೆ ಮನೆಯೊಳಗೆ ಇಟ್ಟುಕೊಂಡ ಶಾಖ ಹತೋಟಿ ತಪ್ಪಿ ಹಬ್ಬಿದಾಗ ಅದನ್ನು ಮನೆಯ ಬೆಂಕಿ ಎನ್ನುತ್ತಾರೆ. ಕಾರ್ಖಾನೆ, ಚಿತ್ರಮಂದಿರ, ಆಸ್ಪತ್ರೆ, ಎತ್ತರದ ಕಟ್ಟಡಗಳಿಗೆ ಅಗ್ನಿಶಾಮಕ ಇಲಾಖೆಯ ತಪಾಸಣೆ ಉಂಟು, ನಿರಾಕ್ಷೇಪಣಾ ಪತ್ರ ಉಂಟು. ಸಾಮಾನ್ಯರ ಮನೆಗೆ ಬಂದು ಒಲೆಯ ಪೈಪನ್ನು ಬಗ್ಗಿಸಿ ನೋಡುವ, ಸ್ವಿಚ್‌ಬೋರ್ಡಿನ ಹಿಂದೆ ಕೈಯಿಟ್ಟು ಬಿಸಿಯೇ ಎಂದು ಕೇಳುವ ಅಧಿಕಾರಿ ಯಾರೂ ಇಲ್ಲ. ತಪಾಸಣೆ ಮಾಡುವವರು, ಕಾವಲು ಕಾಯುವವರು, ಬೆಂಕಿ ಬಿದ್ದ ಮೊದಲ ಕೆಲವು ನಿಮಿಷ ಅದನ್ನು ಎದುರಿಸುವವರು ಎಲ್ಲರೂ ಮನೆಯವರೇ. ಹಾಗಾಗಿಯೇ ಈ ವಿಷಯದಲ್ಲಿ ಕಾನೂನಿಗಿಂತ ಕಲಿಕೆಗೆ ಹೆಚ್ಚಿನ ಕೆಲಸವಿದೆ.

ಸುಟ್ಟಗಾಯಗಳಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,80,000 ಮಂದಿ ಸಾಯುತ್ತಾರೆಂದೂ, ಭಾರತದಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ಪ್ರತಿವರ್ಷ ಮಧ್ಯಮ ಅಥವಾ ತೀವ್ರ ಸುಟ್ಟಗಾಯಕ್ಕೆ ಒಳಗಾಗುತ್ತಾರೆಂದೂ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಹೆಚ್ಚಿನ ಗಾಯಗಳು ಆಗುವುದು ಮನೆಯಲ್ಲಿ ಮತ್ತು ಕೆಲಸದ ಜಾಗದಲ್ಲಿ. ಬೇರೆ ಬಹುತೇಕ ಅಪಘಾತಗಳಲ್ಲಿ ಗಂಡಸರ ಸಂಖ್ಯೆ ದೊಡ್ಡದಾದರೆ ಇಲ್ಲಿ ಹೆಂಗಸರ ಪಾಲು ಹೆಚ್ಚು. ತೆರೆದ ಒಲೆ ಮತ್ತು ಸಡಿಲ ಉಡುಪು ಇದಕ್ಕೆ ಮುಖ್ಯ ಕಾರಣಗಳು.

ಹಿನ್ನೋಟ

ಕನ್ನಡನಾಡಿನ ಅತ್ಯಂತ ಪ್ರಸಿದ್ಧ ಮನೆಬೆಂಕಿ ಅರಮನೆಯದು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಸುಟ್ಟುಹೋಯಿತು. ಅದೇ ಜಾಗದಲ್ಲಿ ಹೆನ್ರಿ ಇರ್ವಿನ್ ರೂಪಿಸಿದ ಹೊಸ ಅರಮನೆ 1912ರಲ್ಲಿ ಪೂರ್ಣಗೊಂಡಿತು. ಈ ಬಾರಿ ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣಕ್ಕೆ ಆದ್ಯತೆ ಸಿಕ್ಕಿತು. ಪ್ರವಾಸಿಗರು ತಲೆಯೆತ್ತಿ ನೋಡುವ ಕಲ್ಯಾಣಮಂಟಪದ ಕಂಬಗಳು ಗ್ಲಾಸ್ಗೋದಲ್ಲಿ ಎರಕ ಹೊಯ್ದ ಕಬ್ಬಿಣದವು.

ಅರಮನೆಯವರಿಗೆ ಕಬ್ಬಿಣ ತರಿಸುವ ಶಕ್ತಿಯಿತ್ತು, ಜನಸಾಮಾನ್ಯರಿಗೆ ರೂಢಿಯೇ ರಕ್ಷಣೆಯಾಗಿತ್ತು. ರಾತ್ರಿ ಊಟ ಮುಗಿದ ಮೇಲೆ ಒಲೆಯ ಕೆಂಡಕ್ಕೆ ಬೂದಿ ಮುಚ್ಚುವುದು, ಹುಲ್ಲಿನ ಬಣವೆಯನ್ನು ಮನೆಯಿಂದ ದೂರ ಒಟ್ಟುವುದು, ಅಟ್ಟದ ಸೌದೆಗೆ ಕಿಡಿ ತಾಗದಂತೆ ಒಲೆಯ ಜಾಗ ಆರಿಸುವುದು, ದೀಪದ ಬಳಿ ಮಗುವನ್ನು ಒಂಟಿಯಾಗಿ ಬಿಡದಿರುವುದು ಹಳ್ಳಿಮನೆಗಳಲ್ಲಿ ಯಾರೂ ಹೇಳಿಕೊಡದೆ ಬಂದ ಶಿಸ್ತು. ಯೂರೋಪಿನಲ್ಲಿಯೂ ಇಂಥದೇ ಒಂದು ಶಿಸ್ತು ಇತ್ತು. ಸಂಜೆಯ ಗಂಟೆ ಬಾರಿಸಿದೊಡನೆ ಮನೆಮನೆಯ ಒಲೆಗೆ ಬೂದಿ ಮುಚ್ಚಬೇಕೆಂಬ ಮಧ್ಯಯುಗದ ಕಟ್ಟಳೆಗೆ ಹಳೆಯ ಫ್ರೆಂಚಿನಲ್ಲಿ ‘ಬೆಂಕಿ ಮುಚ್ಚು’ ಎಂಬ ಅರ್ಥದ ಹೆಸರಿತ್ತು. ಗಲಭೆಯ ದಿನಗಳ ಸುದ್ದಿಯಲ್ಲಿ ಓದುವ ‘ಕರ್ಫ್ಯೂ’ ಎಂಬ ಮಾತು ಹುಟ್ಟಿದ್ದು ಆ ಹೆಸರಿನಿಂದ.

ಒಂದು ಮನೆಯ ಅಜಾಗ್ರತೆ ಇಡೀ ಊರನ್ನು ನುಂಗಿದ ಕಥೆಗಳಿಂದಲೇ ಆಧುನಿಕ ಅಗ್ನಿ ಶಿಕ್ಷಣ ಹುಟ್ಟಿತು. 1666ರ ಲಂಡನ್ ಬೆಂಕಿ ಪುಡ್ಡಿಂಗ್ ಲೇನಿನ ಬೇಕರಿಯೊಂದರಲ್ಲಿ ಆರಂಭವಾಗಿ 13,000ಕ್ಕೂ ಹೆಚ್ಚು ಮನೆಗಳನ್ನು ಬೂದಿ ಮಾಡಿತು. 1871ರ ಅಕ್ಟೋಬರ್ 8ರ ರಾತ್ರಿ ಷಿಕಾಗೋದ ಡಿಕೋವೆನ್ ಬೀದಿಯ ಒಂದು ದನದ ಕೊಟ್ಟಿಗೆಯ ಬಳಿ ಹತ್ತಿದ ಕಿಚ್ಚು ಸುಮಾರು 300 ಜೀವಗಳನ್ನು ತೆಗೆದುಕೊಂಡು, ಒಂದು ಲಕ್ಷದಷ್ಟು ಜನರನ್ನು ಬೀದಿಗೆ ತಂದಿತು. ಹಸು ಲಾಂದ್ರಕ್ಕೆ ಒದ್ದದ್ದೇ ಕಾರಣವೆಂಬ ಜನಪ್ರಿಯ ಕಥೆಗೆ ಆಧಾರ ಸಿಗಲಿಲ್ಲ. ಕೊನೆಗೆ 1997ರಲ್ಲಿ ಷಿಕಾಗೋ ನಗರಸಭೆ ಹಸುವನ್ನೂ ಅದರ ಒಡತಿಯನ್ನೂ ನಿರ್ದೋಷಿಗಳೆಂದು ಸಾರಿತು. ಕೊಟ್ಟಿಗೆ ಇದ್ದ ಜಾಗದಲ್ಲಿ ಈಗ ನಗರದ ಅಗ್ನಿಶಾಮಕ ತರಬೇತಿ ಶಾಲೆ ನಿಂತಿದೆ. ಅಮೆರಿಕದಲ್ಲಿ 1925ರಿಂದ ಪ್ರತಿ ಅಕ್ಟೋಬರ್‌ನಲ್ಲಿ ನಡೆಯುವ ಅಗ್ನಿ ತಡೆ ಸಪ್ತಾಹಕ್ಕೆ ಈ ದುರಂತದ ನೆನಪೇ ಮೂಲ.

ಭಾರತದ ಸಪ್ತಾಹ ಏಪ್ರಿಲ್ 14ರಿಂದ 20ರವರೆಗೆ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ಹತ್ತಿಯ ಮೂಟೆ ಮತ್ತು ಸ್ಫೋಟಕಗಳನ್ನು ಒಟ್ಟಿಗೆ ತುಂಬಿಕೊಂಡಿದ್ದ ‘ಫೋರ್ಟ್ ಸ್ಟಿಕಿನ್’ ಹಡಗಿಗೆ ಬೆಂಕಿ ಬಿದ್ದು ಸಿಡಿದಾಗ, ನಂದಿಸಲು ಹೋಗಿದ್ದ 66 ಅಗ್ನಿಶಾಮಕ ಸಿಬ್ಬಂದಿ ಮಡಿದರು. ಅವರ ಸ್ಮರಣೆಯ ದಿನವೇ ಶಾಲೆಗಳಲ್ಲಿ, ವಸತಿ ಸಮುಚ್ಚಯಗಳಲ್ಲಿ ಪ್ರಾತ್ಯಕ್ಷಿಕೆಗಳು ಆರಂಭವಾಗುವ ದಿನವೂ ಆಗಿದೆ.

ಬೆಂಕಿಯ ನಡೆ

ಉರಿಯಲು ಇಂಧನ, ಶಾಖ, ಆಮ್ಲಜನಕ ಮೂರೂ ಬೇಕು, ಒಂದನ್ನು ಕಸಿದುಕೊಂಡರೆ ಬೆಂಕಿ ಸಾಯುತ್ತದೆ. ಶಾಲೆಯ ಪಾಠದ ಈ ತ್ರಿಕೋನವನ್ನು ಎಲ್ಲರೂ ಬಲ್ಲರು. ಮನೆಯವರು ಸಾಮಾನ್ಯವಾಗಿ ಅರಿಯದಿರುವುದು ಬೆಂಕಿಯ ವೇಗವನ್ನು. ಹತ್ತಿ, ಮರ, ತೆಂಗಿನ ನಾರಿನ ಸಾಮಾನುಗಳಿದ್ದ ಹಳೆಯ ಕೋಣೆಗಿಂತ ಫೋಮ್ ಹಾಸಿಗೆ, ಸಿಂಥೆಟಿಕ್ ಪರದೆ, ಪ್ಲಾಸ್ಟಿಕ್ ಪೀಠೋಪಕರಣಗಳಿರುವ ಇಂದಿನ ಕೋಣೆ ಬಹಳ ಬೇಗ ಹೊತ್ತಿಕೊಳ್ಳುತ್ತದೆ. ಸೂರಿನಡಿ ಶೇಖರವಾದ ಬಿಸಿ ಹೊಗೆ ಸುಮಾರು 500ರಿಂದ 600 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಕೋಣೆಯಲ್ಲಿರುವುದೆಲ್ಲ ಒಮ್ಮೆಗೇ ಉರಿಯತೊಡಗುತ್ತದೆ. ಅದಕ್ಕೆ ಕೆಲವೇ ನಿಮಿಷ ಸಾಕು.

ಬಹಳಷ್ಟು ಸಾವುಗಳಿಗೆ ಕಾರಣ ಜ್ವಾಲೆಯಲ್ಲ, ಹೊಗೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಅದು ಎಬ್ಬಿಸುವುದಿಲ್ಲ, ಇನ್ನಷ್ಟು ಆಳದ ನಿದ್ದೆಗೆ ತಳ್ಳುತ್ತದೆ. ಹೊಗೆಯ ವಾಸನೆಗೆ ಎಚ್ಚರವಾಗುತ್ತದೆ ಎಂಬ ನಂಬಿಕೆ ರಾತ್ರಿಯ ಹೊತ್ತು ಹುಸಿಯಾಗುವುದು ಇದರಿಂದ.

ಅಡುಗೆಮನೆ

2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಆರಂಭವಾದ ಪ್ರಧಾನಮಂತ್ರಿ ಉಜ್ವಲಾ ಯೋಜನೆಯ ನಂತರ, ಅಲ್ಲಿಯವರೆಗೆ ಸೌದೆಯನ್ನು ಮಾತ್ರ ಕಂಡಿದ್ದ ಕೋಟ್ಯಂತರ ಮನೆಗಳಿಗೆ ಅಡುಗೆ ಅನಿಲ ಬಂದಿತು. ಹೊಗೆಯ ಕಾಟ ತಪ್ಪಿತು, ಜೊತೆಗೆ ಕಲಿಯಬೇಕಾದ ಹೊಸ ಪಾಠವೊಂದು ಸೇರಿಕೊಂಡಿತು. ಸೌದೆಯ ಬೆಂಕಿ ಕಣ್ಣಿಗೆ ಕಾಣುತ್ತದೆ, ಸೋರುವ ಅನಿಲ ಕಾಣುವುದಿಲ್ಲ.

ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕಿಲೋ ದ್ರವರೂಪದ ಪ್ರೊಪೇನ್ ಮತ್ತು ಬ್ಯೂಟೇನ್ ಇರುತ್ತದೆ. ಹೊರಬಂದರೆ ಅದು ಸುಮಾರು 250 ಪಟ್ಟು ಹಿಗ್ಗುತ್ತದೆ. ಸಹಜವಾಗಿ ಈ ಅನಿಲಕ್ಕೆ ವಾಸನೆಯಿಲ್ಲ, ಮೂಗಿಗೆ ಬಡಿಯುವ ಕೊಳೆತ ನಾತ ಬೇಕೆಂದೇ ಬೆರೆಸಿದ ಈಥೈಲ್ ಮರ್ಕ್ಯಾಪ್ಟನ್‌ನದು. ಗಾಳಿಗಿಂತ ಭಾರವಾದ್ದರಿಂದ ಅನಿಲ ನೆಲದ ಮಟ್ಟದಲ್ಲಿ ನೀರಿನಂತೆ ಹರಿದು ಮೂಲೆಗಳಲ್ಲಿ, ಕಟ್ಟೆಯ ಕೆಳಗೆ ನಿಲ್ಲುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ನೂರಕ್ಕೆ ಎರಡು ಭಾಗದಷ್ಟಾದರೂ ಒಂದು ಕಿಡಿ ಸಾಕು. ಬೆಂಗಳೂರಿನ ಹಲವು ಬಡಾವಣೆಗಳಿಗೆ ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲದ ಗುಣ ಇದಕ್ಕೆ ತದ್ವಿರುದ್ಧ. ಗಾಳಿಗಿಂತ ಹಗುರವಾದ ಅದು ಸೂರಿನತ್ತ ಏರುತ್ತದೆ. ಸೋರಿಕೆ ಪತ್ತೆಯ ಸಾಧನವನ್ನು ಸಿಲಿಂಡರ್ ಇರುವ ಮನೆಯಲ್ಲಿ ನೆಲದ ಹತ್ತಿರ, ಕೊಳವೆ ಅನಿಲದ ಮನೆಯಲ್ಲಿ ಸೂರಿನ ಹತ್ತಿರ ಕೂಡಿಸಬೇಕು.

ಸಿಲಿಂಡರನ್ನು ಯಾವಾಗಲೂ ನೆಟ್ಟಗೆ ನಿಲ್ಲಿಸಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ನೆಲದ ಮೇಲೆ ಒಲೆಯಿಟ್ಟು ಪಕ್ಕದಲ್ಲೇ ಸಿಲಿಂಡರ್ ಇಡುವ ಮನೆಗಳಲ್ಲಿ, ಮದುವೆ-ಮುಂಜಿಯ ತಾತ್ಕಾಲಿಕ ಅಡುಗೆ ಚಪ್ಪರಗಳಲ್ಲಿ ಈ ನಿಯಮ ಮೊದಲು ಮುರಿದುಬೀಳುತ್ತದೆ. ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಮೇಲೆ ‘ಎ’ಯಿಂದ ‘ಡಿ’ವರೆಗಿನ ಒಂದು ಇಂಗ್ಲಿಷ್ ಅಕ್ಷರ ಮತ್ತು ಎರಡಂಕಿಯ ವರ್ಷ ಬರೆದಿರುತ್ತದೆ. ‘ಎ’ ಎಂದರೆ ಜನವರಿಯಿಂದ ಮಾರ್ಚ್, ‘ಡಿ’ ಎಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಅದು ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಒಳಪಡಿಸಬೇಕಾದ ಗಡುವು. ಗಡುವು ದಾಟಿದ್ದನ್ನು ಬಾಗಿಲಲ್ಲೇ ವಾಪಸು ಕಳಿಸಬಹುದು. ಐಎಸ್‌ಐ ಗುರುತಿನ ‘ಸುರಕ್ಷಾ’ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಸೋರಿಕೆ ನೋಡಲು ಸಾಬೂನು ನೀರಿನ ನೊರೆ ಸಾಕು, ಕಡ್ಡಿ ಗೀರಿ ನೋಡುವವರು ಇಂದಿಗೂ ಇದ್ದಾರೆ.

ರಾತ್ರಿ ರೆಗ್ಯುಲೇಟರ್ ಬಂದ್ ಮಾಡುವುದು ಹಳೆಯ ಕಾಲದ ಬೂದಿ ಮುಚ್ಚುವಿಕೆಯ ಇಂದಿನ ರೂಪ. 2024ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯಲ್ಲಿ ಅಯ್ಯಪ್ಪ ಮಾಲಾಧಾರಿಗಳು ಮಲಗಿದ್ದ ಕೋಣೆಯಲ್ಲಿ ಸಿಲಿಂಡರ್ ಸೋರಿ ಬೆಂಕಿ ಹೊತ್ತಿ ಒಂಬತ್ತು ಮಂದಿ ಸುಟ್ಟುಕೊಂಡರು, ಅವರಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಮಲಗುವ ಜಾಗ, ದೇವರ ದೀಪ, ಅಡುಗೆಯ ಸಿಲಿಂಡರ್ ಮೂರೂ ಒಂದೇ ಸೂರಿನಡಿ ಸೇರುವ ಪರಿಸ್ಥಿತಿ ಯಾತ್ರೆ, ಹರಕೆ, ಬಾಡಿಗೆ ಕೋಣೆಗಳಲ್ಲಿ ಹೊಸದೇನಲ್ಲ.

ಅನಿಲದ ವಾಸನೆ ಬಂದಾಗ ಕತ್ತಲೆಯಲ್ಲಿ ಕೈ ತಾನಾಗಿ ಹೋಗುವುದು ಲೈಟಿನ ಸ್ವಿಚ್ಚಿಗೆ. ಕೂಡದ ಕೆಲಸ ಅದೇ. ಸ್ವಿಚ್ ಹಾಕಿದರೂ ಕಿಡಿ, ಆರಿಸಿದರೂ ಕಿಡಿ. ಮೊದಲು ಉರಿಯುವ ದೀಪ, ಊದುಬತ್ತಿಗಳಿದ್ದರೆ ನಂದಿಸಿ, ರೆಗ್ಯುಲೇಟರ್ ತಿರುಗಿಸಿ, ಕಿಟಕಿ ಬಾಗಿಲು ತೆರೆದು, ಮನೆಯವರನ್ನು ಹೊರಗೆ ಕರೆತಂದು, ಅಂಗಳದಿಂದ ಅನಿಲ ಸೋರಿಕೆಯ ಸಹಾಯವಾಣಿ 1906ಕ್ಕೆ ಕರೆ ಮಾಡಬೇಕು.

ಎಣ್ಣೆಯ ಬೆಂಕಿಗೆ ಬೇರೆಯೇ ವಿದ್ಯೆ ಬೇಕು. ಬೋಂಡ ಕರಿಯಲು ಬಾಣಲೆ ಇಟ್ಟು ಫೋನು ಬಂತೆಂದು ಎದ್ದುಹೋದಾಗ ಎಣ್ಣೆ ಮೊದಲು ಹೊಗೆಯಾಡಿ, ಶಾಖ ಇನ್ನೂ ಏರಿದರೆ ಕಿಡಿಯ ಹಂಗಿಲ್ಲದೆ ತಾನೇ ಹೊತ್ತಿಕೊಳ್ಳುತ್ತದೆ. ಗಾಬರಿಯಲ್ಲಿ ಎರಚಿದ ಒಂದು ಚೊಂಬು ನೀರು ಎಣ್ಣೆಗಿಂತ ಭಾರವಾದ್ದರಿಂದ ತಳಕ್ಕಿಳಿದು, ಕ್ಷಣದಲ್ಲಿ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗಿ, ಉರಿಯುವ ಎಣ್ಣೆಯನ್ನು ಸೂರಿನವರೆಗೆ ಚಿಮ್ಮಿಸುತ್ತದೆ. ಮಾಡಬೇಕಾದದ್ದು ಸರಳ: ಒಲೆ ಆರಿಸಿ, ಬಾಣಲೆಯ ಮೇಲೆ ತಟ್ಟೆಯನ್ನೋ ಮುಚ್ಚಳವನ್ನೋ ಪಕ್ಕದಿಂದ ಜಾರಿಸಿ ಮುಚ್ಚುವುದು, ತಣ್ಣಗಾಗುವವರೆಗೆ ತೆಗೆಯದಿರುವುದು. ಉರಿಯುವ ಬಾಣಲೆಯನ್ನು ಎತ್ತಿಕೊಂಡು ಹಿತ್ತಲಿಗೆ ಓಡಿದವರು ಎಣ್ಣೆಯನ್ನು ಮೈಮೇಲೆ ಚೆಲ್ಲಿಕೊಳ್ಳುತ್ತಾರೆ.

ನೈಲಾನ್, ಪಾಲಿಯೆಸ್ಟರ್ ಸೀರೆ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಲೆಯ ಮುಂದೆ ನಿಲ್ಲುತ್ತಿದ್ದ ಅಜ್ಜಿಯರ ಅಭ್ಯಾಸವನ್ನು ಸುರಕ್ಷತಾ ತರಬೇತುದಾರರು ದುಪಟ್ಟಾ ಮತ್ತು ಅಗಲ ತೋಳಿನ ನೈಟಿಗೂ ಅನ್ವಯಿಸಿ ಹೇಳುತ್ತಾರೆ.

ಅಡುಗೆಮನೆಯ ಬೆಂಕಿಗೆ ಇನ್ನೊಂದು ಮುಖವೂ ಇದೆ. ‘ಸ್ಟೌ ಸಿಡಿದು ಗೃಹಿಣಿ ಸಾವು’ ಎಂಬ ಒಂದೆರಡು ಸಾಲಿನ ಸುದ್ದಿ ದಶಕಗಳ ಕಾಲ ಪತ್ರಿಕೆಗಳ ಒಳಪುಟಗಳಲ್ಲಿ ಬರುತ್ತಿತ್ತು. ಬೆಂಗಳೂರಿನ ‘ವಿಮೋಚನಾ’ ಮಹಿಳಾ ಸಂಘಟನೆ 1990ರ ದಶಕದಲ್ಲಿ ಇಂಥ ಅಸಹಜ ಸಾವುಗಳ ಜಾಡು ಹಿಡಿದು, ಅಪಘಾತವೆಂದು ಮುಚ್ಚಿಹೋಗುತ್ತಿದ್ದ ಪ್ರಕರಣಗಳ ಹಿಂದಿನ ಹಿಂಸೆಯನ್ನು ಬೆಳಕಿಗೆ ತಂದಿತು. ವರದಕ್ಷಿಣೆ ಸಾವನ್ನು ಪ್ರತ್ಯೇಕ ಅಪರಾಧವಾಗಿಸಿದ ಕಾನೂನು ಬಂದದ್ದು 1986ರಲ್ಲಿ. ಅಡುಗೆಮನೆಯ ಸಾವುಗಳನ್ನೆಲ್ಲ ಅಜಾಗ್ರತೆಯ ಲೆಕ್ಕಕ್ಕೆ ಬರೆದರೆ ಲೆಕ್ಕ ತಪ್ಪುತ್ತದೆ.

ವಿದ್ಯುತ್ತು ಮತ್ತು ಬ್ಯಾಟರಿ

‘ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ’ ಎಂಬುದು ವರದಿಗಳ ಸಿದ್ಧ ವಾಕ್ಯ. ಅದರ ಹಿಂದೆ ಹೆಚ್ಚಾಗಿ ಇರುವುದು ಮಿತಿಮೀರಿದ ಹೊರೆ, ಸಡಿಲ ಜೋಡಣೆ ಅಥವಾ ಹಳೆಯ ತಂತಿ. ತಂತಿಯಲ್ಲಿ ವಿದ್ಯುತ್ ಪ್ರವಾಹ ಎರಡು ಪಟ್ಟಾದರೆ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. 230 ವೋಲ್ಟಿನಲ್ಲಿ 6 ಆಂಪಿಯರ್ ಸಾಕೆಟ್ ಹೊರಬಲ್ಲದ್ದು 1,380 ವಾಟ್. ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ 1,000 ವಾಟಿನ ಇಸ್ತ್ರಿಪೆಟ್ಟಿಗೆ ಮತ್ತು 1,500 ವಾಟಿನ ಕೆಟಲ್ ಸಿಕ್ಕಿಸಿದರೆ ಸುಮಾರು 11 ಆಂಪಿಯರ್ ಹರಿಯುತ್ತದೆ. ಬೆಂಕಿ ಕೂಡಲೇ ಕಾಣುವುದಿಲ್ಲ. ತಂತಿಯ ಹೊದಿಕೆ ದಿನದಿನವೂ ಸ್ವಲ್ಪ ಸ್ವಲ್ಪವೇ ಬೆಂದು, ಸೆಟೆದು, ಬಿರುಕುಬಿಟ್ಟು ಯಾವುದೋ ಒಂದು ರಾತ್ರಿಗೆ ಕಾಯುತ್ತದೆ.

ಮುನ್ಸೂಚನೆಗಳು ಇದ್ದೇ ಇರುತ್ತವೆ. ಪ್ಲಗ್ಗು ಮುಟ್ಟಿದರೆ ಬಿಸಿ, ಸಾಕೆಟ್ಟಿನ ಸುತ್ತ ಕಂದು ಕಲೆ, ಸ್ವಿಚ್ಚಿನೊಳಗೆ ಚಿಟಚಿಟ ಸದ್ದು, ಸುಟ್ಟ ಪ್ಲಾಸ್ಟಿಕ್ಕಿನ ಕಮಟು, ಗೀಸರ್ ಹಾಕಿದಾಗ ಮಂಕಾಗುವ ದೀಪ. ಹೊರೆ ಮಿತಿಮೀರಿದಾಗ ಸಂಪರ್ಕ ಕಡಿಯುವ ಎಂಸಿಬಿ ಪದೇಪದೇ ಬೀಳುತ್ತಿದ್ದರೆ ಅದು ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಅದನ್ನು ದೊಡ್ಡ ಸಾಮರ್ಥ್ಯದ್ದಕ್ಕೆ ಬದಲಿಸುವುದು, ಹಳೆಯ ಫ್ಯೂಸಿನಲ್ಲಿ ದಪ್ಪ ತಾಮ್ರದ ಎಳೆ ಸುತ್ತುವುದು ಎರಡೂ ಕಾವಲುಗಾರನ ಕಣ್ಣು ಕಟ್ಟುವ ಕೆಲಸ. ಭೂಮಿಗೆ ಸೋರುವ ಪ್ರವಾಹ 30 ಮಿಲಿಆಂಪಿಯರ್ ಮುಟ್ಟುವಷ್ಟರಲ್ಲಿ ಸಂಪರ್ಕ ಕಡಿಯುವ ಆರ್‌ಸಿಸಿಬಿ ಆಘಾತವನ್ನು ತಡೆಯುತ್ತದೆ, ಸೋರಿಕೆಯಿಂದ ಹುಟ್ಟುವ ಬೆಂಕಿಯನ್ನೂ ಕಡಿಮೆ ಮಾಡುತ್ತದೆ.

ಲಿಥಿಯಂ ಬ್ಯಾಟರಿ ಹೊಸ ಅತಿಥಿ. 2022ರ ಏಪ್ರಿಲ್‌ನಲ್ಲಿ ತೆಲಂಗಾಣದ ನಿಜಾಮಾಬಾದಿನಲ್ಲೂ ಆಂಧ್ರದ ವಿಜಯವಾಡದಲ್ಲೂ ಮನೆಯೊಳಗೆ ಚಾರ್ಜಿಗಿಟ್ಟಿದ್ದ ಸ್ಕೂಟರ್ ಬ್ಯಾಟರಿಗಳು ಸಿಡಿದು ತಲಾ ಒಬ್ಬರು ಸತ್ತರು. ಆ ಬೇಸಿಗೆಯ ಸರಣಿ ಘಟನೆಗಳ ನಂತರ ಕೇಂದ್ರ ಸರ್ಕಾರ ಬ್ಯಾಟರಿಗಳ ‘ಎಐಎಸ್ 156’ ಮಾನದಂಡವನ್ನು ಬಿಗಿಗೊಳಿಸಿತು. ಒಂದು ಕೋಶ ಕೆಟ್ಟು ಬಿಸಿಯೇರಿದರೆ ಪಕ್ಕದ ಕೋಶವನ್ನೂ ಕಾಯಿಸಿ ಸರಪಳಿಯಂತೆ ಹಬ್ಬುವ ಈ ಬೆಂಕಿ ಆರಿದಂತೆ ಕಂಡು ಮತ್ತೆ ಹೊತ್ತಿಕೊಳ್ಳುತ್ತದೆ. ಮಲಗುವ ಕೋಣೆಯಲ್ಲಿ, ಮೆಟ್ಟಿಲ ಕೆಳಗೆ, ಹೊರಬಾಗಿಲಿಗೆ ಅಡ್ಡವಾಗಿ ಚಾರ್ಜಿಗಿಡಬಾರದು ಎಂಬ ಎಚ್ಚರಿಕೆಗೆ ಅದೇ ಕಾರಣ. ದಿಂಬಿನಡಿ ಚಾರ್ಜಾಗುವ ಮೊಬೈಲಿಗೂ ಇದು ಸಲ್ಲುತ್ತದೆ.

ದೇವರಮನೆ, ಹಬ್ಬ, ಹಿತ್ತಲು

ನಂದಾದೀಪದ ಎಣ್ಣೆಬತ್ತಿಯನ್ನು ಇಲಿ ಕಚ್ಚಿಕೊಂಡು ಹೋಗಿ ಬೀರುವಿನ ಸಂದಿಗೆ ಬೆಂಕಿ ಹಚ್ಚಿದ ಪ್ರಸಂಗ ಹಳೆಯ ಮನೆಗಳಲ್ಲಿ ಕೇಳಸಿಗುತ್ತದೆ. ಗಾಜಿನ ಚಿಮಣಿ ಹಾಕಿದ ದೀಪ, ಲೋಹದ ಅಗಲ ತಟ್ಟೆ, ಪರದೆಯಿಲ್ಲದ ಗೂಡು ಇದಕ್ಕೆ ಸುಲಭ ಪರಿಹಾರ. ಮರದ ಮಂಟಪದೊಳಗೆ ಕರ್ಪೂರ ಹಚ್ಚಿ ಊರಿಗೆ ಹೊರಟುಬಿಡುವುದು, ಸೊಳ್ಳೆಬತ್ತಿಯನ್ನು ಹಾಸಿಗೆಯ ಅಂಚಿಗಿಡುವುದು, ಬೀಡಿ ಸೇದುತ್ತ ನಿದ್ದೆ ಹೋಗುವುದು ನಿಧಾನವಾಗಿ ಹೊಗೆಯಾಡುವ ಬೆಂಕಿಗೆ ದಾರಿ. ಬಾಟಲಿಯಲ್ಲಿ ಕೂಡಿಟ್ಟ ಪೆಟ್ರೋಲು, ಬಚ್ಚಲ ಹಂಡೆಯ ಒಲೆಯ ಮುಂದೆ ಒಟ್ಟಿದ ಸೌದೆ, ಅಟ್ಟದ ಒಣ ತೆಂಗಿನಗರಿಗಳನ್ನೂ ಇದೇ ಪಟ್ಟಿಗೆ ಸೇರಿಸಬೇಕು.

ದೀಪಾವಳಿಯಲ್ಲಿ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ ಪಟಾಕಿ ಗಾಯಾಳುಗಳಿಗಾಗಿಯೇ ಹಾಸಿಗೆಗಳನ್ನು ಮೀಸಲಿಡುತ್ತದೆ. ಅಲ್ಲಿಗೆ ಬರುವವರಲ್ಲಿ ಮಕ್ಕಳು ಮತ್ತು ಪಟಾಕಿ ಹಚ್ಚದೆ ಸುಮ್ಮನೆ ನೋಡುತ್ತ ನಿಂತವರು ಬಹಳ. ಹೂಕುಂಡದ ಬುಡಕ್ಕೆ ಬಗ್ಗಿ ನೋಡದಿರುವುದು, ಸಿಡಿಯದ್ದನ್ನು ಮತ್ತೆ ಹಚ್ಚಲು ಹೋಗದಿರುವುದು, ಪಕ್ಕದಲ್ಲಿ ಬಕೆಟ್ ನೀರಿಡುವುದು ಹಬ್ಬದ ಕನಿಷ್ಠ ಪಾಠ.

ಹೊರಗೆ ಹೋಗುವ ದಾರಿ

2021ರ ಸೆಪ್ಟೆಂಬರ್ 21ರಂದು ಬೆಂಗಳೂರಿನ ದೇವರಚಿಕ್ಕನಹಳ್ಳಿಯ ವಸತಿ ಸಮುಚ್ಚಯವೊಂದರಲ್ಲಿ ಬೆಂಕಿ ಬಿದ್ದು ಇಬ್ಬರು ಮಹಿಳೆಯರು ಮೃತಪಟ್ಟರು. ಬಾಲ್ಕನಿಯ ಕಬ್ಬಿಣದ ಗ್ರಿಲ್ಲಿನ ಹಿಂದೆ ಸಿಕ್ಕಿಕೊಂಡ ಮಹಿಳೆಯ ದೃಶ್ಯವನ್ನು ನಗರವಿಡೀ ಕಂಡಿತು. ಕಳ್ಳರನ್ನು ಹೊರಗಿಡಲು ಹಾಕಿಸಿದ ಗ್ರಿಲ್ಲು ಒಳಗಿದ್ದವರನ್ನು ಹೊರಗೆ ಬಿಡಲಿಲ್ಲ. ಒಳಗಿನಿಂದ ತೆರೆಯುವ ಕಿಟಕಿಯಂಥ ಭಾಗವೊಂದನ್ನು ಗ್ರಿಲ್ಲಿನಲ್ಲಿ ಬಿಡಿಸಿ, ಅದರ ಬೀಗದ ಕೈಯನ್ನು ಹತ್ತಿರದಲ್ಲೇ ನೇತುಹಾಕಬೇಕೆಂಬ ಸಲಹೆ ಅಂದಿನಿಂದ ಹೆಚ್ಚು ಕೇಳಿಬರುತ್ತಿದೆ.

ಒಂದೇ ದಾರಿಯ ಮನೆ ಎಷ್ಟು ಅಪಾಯಕಾರಿ ಎಂಬುದನ್ನು 2025ರ ಮೇ 18ರ ಬೆಳಗ್ಗೆ ಹೈದರಾಬಾದಿನ ಚಾರ್‌ಮಿನಾರ್ ಸಮೀಪದ ಗುಲ್ಜಾರ್ ಹೌಜ್ ತೋರಿಸಿತು. ಕೆಳಗೆ ಅಂಗಡಿ, ಮೇಲೆ ವಾಸ, ನಡುವೆ ಕಿರಿದಾದ ಒಂದೇ ಪ್ರವೇಶ. ಎಂಟು ಮಕ್ಕಳೂ ಸೇರಿ 17 ಮಂದಿ ಅಲ್ಲಿ ಸತ್ತರು. ಬೆಂಗಳೂರಿನ ಚಿಕ್ಕಪೇಟೆ, ನಗರ್ತಪೇಟೆಗಳ ಗಲ್ಲಿಗಳಲ್ಲೂ ಹುಬ್ಬಳ್ಳಿ, ಕಲಬುರಗಿಯ ಹಳೆಯ ಪೇಟೆಗಳಲ್ಲೂ ಇದೇ ಮಾದರಿಯ ಮನೆಗಳು ಸಾಲುಸಾಲಾಗಿವೆ.

ದುಡಿಯಲು ಹೊರದೇಶಕ್ಕೆ ಹೋದವರ ವಸತಿಯೂ ಮನೆಯೇ. 2024ರ ಜೂನ್ 12ರ ನಸುಕಿನಲ್ಲಿ ಕುವೈತಿನ ಮಂಗಾಫ್‌ನ ಕಾರ್ಮಿಕರ ವಸತಿ ಕಟ್ಟಡದಲ್ಲಿ ಬೆಂಕಿ ಹತ್ತಿ 45 ಭಾರತೀಯರು ಪ್ರಾಣ ಕಳೆದುಕೊಂಡರು, ಅವರಲ್ಲಿ ಕಲಬುರಗಿ ಕಡೆಯವರೂ ಒಬ್ಬರಿದ್ದರು. ಬೆಂಕಿ ಕೆಳಗಿನ ಅಂತಸ್ತಿನಲ್ಲಿತ್ತು, ಮೇಲೆ ಮಲಗಿದ್ದ ಬಹುಪಾಲು ಜನರನ್ನು ಕೊಂದದ್ದು ಮೆಟ್ಟಿಲ ಮೂಲಕ ಏರಿದ ಹೊಗೆ. ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ 2017ರ ಜೂನ್ 14ರಂದು 72 ಜನರ ಸಾವಿಗೆ ಕಾರಣವಾದ ಬೆಂಕಿ ಶುರುವಾದದ್ದು ನಾಲ್ಕನೆಯ ಅಂತಸ್ತಿನ ಒಂದು ಅಡುಗೆಮನೆಯ ಫ್ರಿಜ್ಜಿನಿಂದ. ಹೊರಗೋಡೆಗೆ ಅಂಟಿಸಿದ್ದ ಉರಿಯುವ ಹೊದಿಕೆ ಅದನ್ನು ತುದಿಯವರೆಗೆ ಹೊತ್ತೊಯ್ದಿತು. ‘ಮನೆಯೊಳಗೇ ಇರಿ’ ಎಂಬ ಅಂದಿನ ಸೂಚನೆಯನ್ನು ಬಹಳ ಮುಂಚೆಯೇ ಕೈಬಿಡಬೇಕಿತ್ತೆಂದು ತನಿಖಾ ಆಯೋಗ ಹೇಳಿತು.

ಕಟ್ಟಡ ಹೇಗೇ ಇರಲಿ, ಹೊರಬರುವ ಕ್ರಮದಲ್ಲಿ ಬದಲಾಗದ ಕೆಲವು ಅಂಶಗಳಿವೆ. ಹೊಗೆಯಿದ್ದರೆ ಮೊಣಕಾಲೂರಿ ತೆವಳಬೇಕು, ಉಸಿರಾಡುವ ಗಾಳಿ ನೆಲದ ಹತ್ತಿರ ಉಳಿದಿರುತ್ತದೆ. ಮುಚ್ಚಿದ ಬಾಗಿಲನ್ನು ಹಿಂಗೈಯಿಂದ ಮುಟ್ಟಿ ನೋಡಬೇಕು, ಬಿಸಿಯಿದ್ದರೆ ಆ ದಾರಿ ಬೇಡ. ಹೊರಬರುವಾಗ ಬಾಗಿಲು ಎಳೆದುಕೊಂಡರೆ ಬೆಂಕಿಗೆ ಗಾಳಿ ಕಡಿಮೆಯಾಗುತ್ತದೆ. ಲಿಫ್ಟ್ ಬಳಸಕೂಡದು. ದಾರಿಯೇ ಇಲ್ಲವಾದರೆ ಕೋಣೆಯ ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ ಕಿಟಕಿಯಿಂದ ಕೂಗಬೇಕು. ಹೊರಬಂದವರು ಒಡವೆಗಾಗಲಿ ಕಾಗದಪತ್ರಗಳಿಗಾಗಲಿ ಮತ್ತೆ ಒಳಹೋಗಕೂಡದು. 101 ಅಥವಾ 112ಕ್ಕೆ ಕರೆ ಮಾಡಿದವರು ಬಡಾವಣೆ, ಅಡ್ಡರಸ್ತೆ, ಹತ್ತಿರದ ಗುರುತು ಹೇಳಬೇಕು. ಬೀದಿಯಲ್ಲಿ ಎರಡೂ ಬದಿ ನಿಂತ ಕಾರುಗಳು ಅಗ್ನಿಶಾಮಕ ವಾಹನದ ದಾರಿಯನ್ನು ನಿತ್ಯವೂ ಕಟ್ಟುತ್ತವೆ.

ಸಾಧನಗಳು

ಹೊಗೆ ಎಚ್ಚರಿಕೆ ಗಂಟೆ ಅಮೆರಿಕದ ಮನೆಗಳಲ್ಲಿ 1970ರ ದಶಕದಿಂದ ವ್ಯಾಪಕವಾಯಿತು. ಕೆಲಸ ಮಾಡುವ ಗಂಟೆಯಿರುವ ಮನೆಗಳಲ್ಲಿ ಬೆಂಕಿಯಿಂದ ಸಾಯುವ ಸಂಭವ ಅರ್ಧಕ್ಕಿಂತಲೂ ಕಡಿಮೆ ಎಂಬುದು ಅಲ್ಲಿನ ಅನುಭವ. ಜಪಾನ್ ಹೊಸ ಮನೆಗಳಿಗೆ 2006ರಿಂದ, ಹಳೆಯ ಮನೆಗಳಿಗೆ 2011ರೊಳಗೆ ಅದನ್ನು ಕಡ್ಡಾಯಗೊಳಿಸಿತು. ನಮ್ಮ ಅಡುಗೆಮನೆಯಲ್ಲಿ ಕೂಡಿಸಿದರೆ ಪ್ರತಿ ಒಗ್ಗರಣೆಗೂ ಅದು ಕಿರುಚಿಕೊಳ್ಳುತ್ತದೆ, ಮೂರನೆಯ ದಿನ ಯಾರೋ ಅದರ ಬ್ಯಾಟರಿ ಕಿತ್ತುಹಾಕುತ್ತಾರೆ. ಅಡುಗೆಕೋಣೆಗೆ ಶಾಖಕ್ಕೆ ಮಾತ್ರ ಸ್ಪಂದಿಸುವ ಗಂಟೆ, ಹಜಾರ ಮತ್ತು ಮಲಗುವ ಕೋಣೆಗಳಿಗೆ ಹೊಗೆಯ ಗಂಟೆ ಹೊಂದುತ್ತದೆ.

ನಂದಿಸುವ ಸಾಧನಗಳಲ್ಲಿ ಮನೆಗೆ ಸಾಮಾನ್ಯವಾಗಿ ಸೂಚಿಸುವುದು ಎಬಿಸಿ ಪುಡಿಯ ಚಿಕ್ಕ ಸಿಲಿಂಡರ್. ಪಿನ್ ಎಳೆದು, ಬೆಂಕಿಯ ಬುಡಕ್ಕೆ ಗುರಿಯಿಟ್ಟು, ಹಿಡಿ ಒತ್ತಿ, ಅತ್ತಿತ್ತ ಬೀಸಬೇಕು. ಅದು ಕೆಲವೇ ಸೆಕೆಂಡು ಬರುತ್ತದೆ. ಅದನ್ನು ಒಲೆಯ ಪಕ್ಕ ನೇತುಹಾಕಿದರೆ ಬೆಂಕಿ ಬಿದ್ದಾಗ ಕೈಗೆಟುಕದು, ಬಾಗಿಲ ಬಳಿ ಇರಬೇಕು. ಬೆಂಕಿ ಕಸದಬುಟ್ಟಿಯ ಗಾತ್ರ ಮೀರಿದ್ದರೆ ನಂದಿಸುವ ಯೋಚನೆ ಬಿಟ್ಟು ಹೊರನಡೆಯುವುದೇ ಸರಿ.

ಕುಟುಂಬಕ್ಕೆ ಕಲಿಸುವುದು

ಭಿತ್ತಿಪತ್ರ ಓದಿದವರಿಗಿಂತ ಒಮ್ಮೆ ಕೈಯಾರೆ ಮಾಡಿದವರಿಗೆ ಪಾಠ ನೆನಪಿರುತ್ತದೆ. ಹಲವು ದೇಶಗಳು ಬೇರೆಬೇರೆ ದಾರಿಯಲ್ಲಿ ಇದೇ ತೀರ್ಮಾನಕ್ಕೆ ಬಂದಿವೆ.

ಅಮೆರಿಕದ ರಾಷ್ಟ್ರೀಯ ಅಗ್ನಿ ರಕ್ಷಣಾ ಸಂಘ 1951ರಲ್ಲಿ ‘ಸ್ಪಾರ್ಕಿ’ ಎಂಬ ಚುಕ್ಕೆ ನಾಯಿಯನ್ನು ಮಕ್ಕಳ ಗುರುವಾಗಿಸಿತು. 1979ರಲ್ಲಿ ಅದು ಶಾಲೆಗಳಿಗೆಂದೇ ಪಠ್ಯಕ್ರಮ ರೂಪಿಸಿತು. ಬಟ್ಟೆಗೆ ಬೆಂಕಿ ತಾಗಿದರೆ ‘ನಿಲ್ಲು, ಬೀಳು, ಉರುಳು’ ಎಂಬ ಮೂರು ಮಾತು ಅಲ್ಲಿನ ಮಕ್ಕಳ ನಾಲಿಗೆಯ ಮೇಲಿದೆ. ಓಡಿದರೆ ಗಾಳಿ ಸಿಕ್ಕಿ ಉರಿ ಹೆಚ್ಚುತ್ತದೆ, ನೆಲಕ್ಕೆ ಬಿದ್ದು ಹೊರಳಿದರೆ ಉರಿ ಮುಖಕ್ಕೇರದೆ ಆರುತ್ತದೆ. ಇಂಗ್ಲೆಂಡಿನ ಮರ್ಸಿಸೈಡ್ ಅಗ್ನಿಶಾಮಕ ಸೇವೆ 1999ರಿಂದ ಮನೆಮನೆಗೆ ಸಿಬ್ಬಂದಿ ಕಳಿಸಿ, ಉಚಿತವಾಗಿ ಹೊಗೆ ಗಂಟೆ ಕೂಡಿಸಿ, ಆ ಮನೆಗೆ ತಕ್ಕ ಸಲಹೆ ಕೊಡುವ ಪದ್ಧತಿ ಆರಂಭಿಸಿತು. ಒಂಟಿ ವೃದ್ಧರು, ಅಂಗವಿಕಲರು, ಹಾಸಿಗೆಯಲ್ಲೇ ಸಿಗರೇಟು ಸೇದುವವರ ಮನೆಗಳಿಗೆ ಅದರಲ್ಲಿ ಮೊದಲ ಆದ್ಯತೆ.

ಜಪಾನಿನ ಎದೊ ನಗರ, ಅಂದರೆ ಇಂದಿನ ಟೋಕಿಯೊ, 1657ರ ಮಹಾಬೆಂಕಿಯಲ್ಲಿ ಬಹುಪಾಲು ನಾಶವಾಯಿತು. ಆ ಮರದ ನಗರದ ನೆನಪಾಗಿ ಇಂದಿಗೂ ಚಳಿಗಾಲದ ರಾತ್ರಿ ನೆರೆಹೊರೆಯವರು ಎರಡು ಮರದ ಕೋಲುಗಳನ್ನು ಟಕ್ ಟಕ್ ಎಂದು ಬಡಿಯುತ್ತ ‘ಹಿ ನೊ ಯೋಜಿನ್’, ಅಂದರೆ ಬೆಂಕಿಯ ಬಗ್ಗೆ ಎಚ್ಚರ, ಎಂದು ಕೂಗುತ್ತ ಬೀದಿ ಸುತ್ತುತ್ತಾರೆ. ಅಲ್ಲಿನ ಶಾಲೆಗಳಲ್ಲಿ ‘ಒಕಾಶಿಮೊ’ ಎಂಬ ಸೂತ್ರವಿದೆ. ತಳ್ಳಬೇಡ, ಓಡಬೇಡ, ಮಾತಾಡಬೇಡ, ಹಿಂದಿರುಗಬೇಡ ಎಂಬ ನಾಲ್ಕು ಮಾತುಗಳ ಮೊದಲ ಅಕ್ಷರಗಳನ್ನು ಕೂಡಿಸಿದ್ದು ಅದು. ‘ಒಕಾಶಿ’ ಎಂದರೆ ಜಪಾನಿಯಲ್ಲಿ ಸಿಹಿತಿಂಡಿ. ಮಕ್ಕಳು ಅದನ್ನು ಮರೆಯುವುದುಂಟೇ?

ಕರ್ನಾಟಕದಲ್ಲಿ 1964ರ ಅಗ್ನಿಶಾಮಕ ದಳ ಕಾಯ್ದೆಯಡಿ ರೂಪುಗೊಂಡ ದಳ ಇಂದು ‘ಅಗ್ನಿಶಾಮಕ ಮತ್ತು ತುರ್ತು ಸೇವೆಗಳು’ ಎಂಬ ಇಲಾಖೆಯಾಗಿದೆ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಆರ್.ಎ. ಮುಂಡ್ಕೂರ್ ಅಕಾಡೆಮಿಯಲ್ಲಿ ಅದರ ಸಿಬ್ಬಂದಿ ತರಬೇತಿ ಪಡೆಯುತ್ತಾರೆ. ಏಪ್ರಿಲ್ ಸಪ್ತಾಹದ ಪ್ರಾತ್ಯಕ್ಷಿಕೆಗಳಲ್ಲಿ ಜನ ಮುತ್ತಿಕೊಂಡು ನೋಡುವುದು ಉರಿಯುವ ಸಿಲಿಂಡರಿನ ಮೇಲೆ ಸಿಬ್ಬಂದಿ ಒದ್ದೆ ಗೋಣಿಚೀಲ ಹೊದಿಸಿ ಉರಿ ಆರಿಸುವ ದೃಶ್ಯವನ್ನು. ಅಲ್ಲಿ ಗಮನಿಸಬೇಕಾದದ್ದು ಆಮೇಲಿನ ಕ್ಷಣ, ಕೂಡಲೇ ಅವರು ವಾಲ್ವ್ ಮುಚ್ಚುತ್ತಾರೆ. ಉರಿ ಆರಿಸಿ ಅನಿಲ ನಿಲ್ಲಿಸದಿದ್ದರೆ ಕೋಣೆ ತುಂಬಿ ಇನ್ನೂ ದೊಡ್ಡ ಸ್ಫೋಟಕ್ಕೆ ದಾರಿ. ಉಜ್ವಲಾ ಯೋಜನೆಯ ‘ಎಲ್‌ಪಿಜಿ ಪಂಚಾಯತ್’ ಸಭೆಗಳಲ್ಲಿ ಹಳ್ಳಿಯ ಹೆಂಗಸರು ಒಟ್ಟಿಗೆ ಕುಳಿತು ರೆಗ್ಯುಲೇಟರ್ ಜೋಡಿಸುವುದನ್ನು ಕಲಿತರು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಬೆಂಕಿಯಲ್ಲಿ ಒಂಬತ್ತು ಮಂದಿ ಸತ್ತ ನಂತರ, ಸಂತ್ರಸ್ತ ಕುಟುಂಬಗಳು ಕಟ್ಟಿದ ‘ಬಿಯಾಂಡ್ ಕಾರ್ಲ್‌ಟನ್’ ಸಂಸ್ಥೆ ನಾಗರಿಕರಲ್ಲಿ ಅರಿವು ಮೂಡಿಸುವ ಕೆಲಸ ಮಾಡುತ್ತಿದೆ.

ಪಾಠದ ಕೊನೆಯ ಭಾಗ ಸುಟ್ಟಗಾಯದ ಪ್ರಥಮ ಚಿಕಿತ್ಸೆ. ಸುಟ್ಟ ಜಾಗವನ್ನು 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಬೇಕು, ಬಳೆ ಉಂಗುರ ಬೇಗ ತೆಗೆಯಬೇಕು, ಶುದ್ಧ ಬಟ್ಟೆ ಸಡಿಲವಾಗಿ ಹೊದಿಸಬೇಕು. ಟೂತ್‌ಪೇಸ್ಟ್, ಇಂಕು, ಅರಿಸಿನ, ತುಪ್ಪ, ಮಂಜುಗಡ್ಡೆ ಯಾವುದನ್ನೂ ಹಚ್ಚಬಾರದು. ಅಂಟಿಕೊಂಡ ಬಟ್ಟೆಯನ್ನು ಕೀಳಬಾರದು, ಗುಳ್ಳೆ ಒಡೆಯಬಾರದು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯಗಳಿಗೆ ಪ್ರತ್ಯೇಕ ವಿಭಾಗವೂ ದಾನವಾಗಿ ಬಂದ ಚರ್ಮವನ್ನು ಕಾಪಿಡುವ ಚರ್ಮನಿಧಿಯೂ ಇವೆ.

ಶಾಲೆಯಲ್ಲಿ ಕಲಿತದ್ದನ್ನು ಮನೆಗೆ ಒಯ್ಯಲು ತರಬೇತುದಾರರು ಹಲವೆಡೆ ಮಕ್ಕಳಿಗೆ ಒಂದು ಮನೆಗೆಲಸ ಕೊಡುತ್ತಾರೆ. ತಮ್ಮ ಮನೆಯ ನಕ್ಷೆ ಬರೆದು, ಪ್ರತಿ ಕೋಣೆಯಿಂದ ಹೊರಬರುವ ಎರಡೆರಡು ದಾರಿಗೆ ಬಾಣದ ಗುರುತು ಹಾಕಿ, ಎಲ್ಲರೂ ಬಂದು ಸೇರುವ ಜಾಗವನ್ನು, ಬೇವಿನ ಮರವೋ ಎದುರಿನ ಅಂಗಡಿಯೋ ಹಾಲಿನ ಬೂತೋ, ತೋರಿಸಬೇಕು. ಅಜ್ಜನನ್ನು ಎಬ್ಬಿಸಿ ಕರೆತರುವವರು ಯಾರು, ಪುಟ್ಟ ತಂಗಿಯನ್ನು ಎತ್ತಿಕೊಳ್ಳುವವರು ಯಾರು ಎಂಬುದನ್ನೂ ಅದರ ಪಕ್ಕದಲ್ಲಿ ಬರೆಯಬೇಕು. ಮೊದಲನೆಯ ಬಾಣ ಬೇಗ ಮೂಡುತ್ತದೆ. ಎರಡನೆಯದನ್ನು ಹುಡುಕುತ್ತ ಮಗು ಹಿತ್ತಲ ಬಾಗಿಲವರೆಗೆ ಹೋದಾಗ ಅಲ್ಲಿ ಅಕ್ಕಿಮೂಟೆ, ಹಳೆಯ ಸೈಕಲ್ಲು, ತುಕ್ಕು ಹಿಡಿದ ಬೀಗ ಕಾಣಿಸುತ್ತವೆ. ಬೀಗದ ಕೈ ಎಲ್ಲಿದೆಯೆಂದು ಅದು ಮನೆಯವರನ್ನೆಲ್ಲ ಕೇಳಿಕೊಂಡು ಬರುತ್ತದೆ.